ಬಂದವರ ಕೈಗೆ ಏನಿಡಲಿ

ಚೊಳಚಗುಡ್ಡ
8 ನವೆಂಬರ್ 2024

ಅಕ್ಕ ಇಂದ್ರಾಬಾಯಿಗೆ ತಂಗಿ ಸುನಂದಾಳ ನಮಸ್ಕಾರ.

ನಿನ್ನ ಕಿವಿ ಮಂದವಾಗಿದ್ದರಿಂದ ನನ್ನ ಅಕ್ಷರ ಇನ್ನೂ ಉಳಿದುಕೊಂಡಿದೆ. ಫೋನಿನಲ್ಲಿ ಚೀರಿದರೂ ನಿನಗೆ ಕೇಳುವುದಿಲ್ಲ, ನನ್ನ ಓಣಿಗೆಲ್ಲ ಕೇಳುತ್ತದೆ. ಮೆಸೇಜು ಕಳಿಸಿದರೆ ಮೊದಲು ನಿನ್ನ ಸೊಸೆ ಓದುತ್ತಾಳೆ. ಕಾಗದವೇ ವಾಸಿ.

ಒಂದು ಸಣ್ಣ ಮಾತಿಗೆ ನಿನ್ನ ಸಲಹೆ ಬೇಕು. ಸೋದರಮಾವ ನನಗೆ ಬಿಟ್ಟುಹೋದ ಈ ಮನೆಯ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡತೊಡಗಿದ ಮೇಲೆ, ಹಾಸಿಗೆ, ಬಿಸಿನೀರು, ಎರಡು ಹೊತ್ತಿನ ಊಟ ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಈಗ ಹಾಗಲ್ಲವಂತೆ. ಬಾದಾಮಿ ಗುಹೆಗಳಲ್ಲಿ ಗೈಡ್ ಆಗಿರುವ ರಾಹುಲ ಗೊತ್ತಲ್ಲ, ನಮ್ಮ ಮನೆಯ ಚಿತ್ರಗಳನ್ನು ಮೊಬೈಲಿನಲ್ಲಿ ಹಾಕಿಕೊಟ್ಟವನು, ಅವನು ಮೊನ್ನೆ ಬಂದು, "ಅಕ್ಕಾರ, ಮಂದಿ ಬಂದ ಕೂಡ್ಲೆ ಅವರ ಕೈಯಾಗ ಏನರ ಇಡಬೇಕ್ರಿ. ವೆಲ್‌ಕಮ್ ಗಿಫ್ಟ್ ಅಂತಾರ. ಎಲ್ಲಾ ಕಡೆ ಕೊಡಾಕತ್ತ್ಯಾರ," ಅಂದ.

ಅಂದಿನಿಂದ ಅದೇ ಯೋಚನೆ. ಮೊದಲು ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿ ಇಟ್ಟೆ. ಬೆಂಗಳೂರಿನವರು ಚಟ್ನಿಯನ್ನು ಅಲ್ಲೇ ಬಿಟ್ಟುಹೋದರು. ಕೆಂಪು ಬಂಡೆ ಹತ್ತಲು ಬರುವ ಹುಡುಗರಿಗೆ ಬಾಳೆಹಣ್ಣು ಬಿಟ್ಟರೆ ಏನೂ ಬೇಡ. ಒಂದು ಬುಟ್ಟಿಗೆ ಹೂವು, ಹಣ್ಣು, ಸಕ್ಕರೆ ಅಚ್ಚು ಜೋಡಿಸಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಮಂಗ ಬುಟ್ಟಿ ಸಮೇತ ಬೇವಿನ ಮರ ಏರಿತ್ತು. ಕೆಲಸದ ಲಾಲಬಿ, "ಮೊದಲ ಗಿರಾಕಿಗೆ ಸ್ವಾಗತ ಆತ ಬಿಡ್ರಿ," ಅಂತ ನಕ್ಕಳು.

ನೀನು ಹೇಳು. ಗುರುತಿಲ್ಲದವರಿಗೆ ಏನು ಕೊಟ್ಟರೆ ಚೆನ್ನ?

ನಿನ್ನ ತಂಗಿ,
ಸುನಂದಾ

*

ಇಳಕಲ್
19 ನವೆಂಬರ್ 2024

ಸುನಂದಾ,

ನಿನ್ನ ಪತ್ರ ಓದಿ ನಕ್ಕೆ. ಜೋರಾಗಿಯೇ ನಕ್ಕಿರಬೇಕು, ಸೊಸೆ ಒಲೆ ಬಿಟ್ಟು ಓಡಿ ಬಂದಳು. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದೇ ಇಲ್ಲ.

ಇದಕ್ಕೇಕೆ ಅಷ್ಟು ಯೋಚನೆ? ಬಿಸಿಲಲ್ಲಿ ಬಂದವರಿಗೆ ತಂಬಿಗೆ ನೀರು, ಒಂದು ಚೂರು ಬೆಲ್ಲ. ನಮ್ಮ ಅವ್ವ ಬೇರೇನು ಕೊಡುತ್ತಿದ್ದಳು? ಬೇಕಾದರೆ ಅದರ ಜೊತೆಗೆ ಅಮೀನಗಡದ ಕರದಂಟು ಸಣ್ಣ ಪೊಟ್ಟಣ ಮಾಡಿ ಇಡು. ಹಲ್ಲಿದ್ದವರು ತಿನ್ನುತ್ತಾರೆ, ಇಲ್ಲದವರು ಊರಿಗೆ ಒಯ್ಯುತ್ತಾರೆ. ನಮ್ಮ ಮಗ್ಗದಲ್ಲಿ ಉಳಿದ ತುಂಡುಗಳಿಂದ ಪುಟ್ಟ ಚೀಲ ಹೊಲಿದು ಬಸ್ಸಿನಲ್ಲಿ ಕಳಿಸುತ್ತೇನೆ, ಕರದಂಟು ಅದರಲ್ಲಿಡು.

ಗುಳಿಗೆ ತಪ್ಪಿಸಬೇಡ. ನಿನಗೆ ಈಗ ಮೂರ್ಛೆ ಬರುತ್ತಿಲ್ಲ ಅಂದರೆ ಅದು ಗುಳಿಗೆಯಿಂದ, ನಿನ್ನ ಧೈರ್ಯದಿಂದ ಅಲ್ಲ.

ಇಂದ್ರಾಬಾಯಿ

*

ಚೊಳಚಗುಡ್ಡ
27 ಜನವರಿ 2025

ಅಕ್ಕಾ,

ಚೀಲಗಳು ಮುಟ್ಟಿದವು. ಎಲ್ಲರೂ ಮೆಚ್ಚುತ್ತಿದ್ದಾರೆ. ಆದರೆ ಇವತ್ತಿನ ಪತ್ರ ಅದಕ್ಕಲ್ಲ. ಇದನ್ನು ಓದಿ ಒಲೆಗೆ ಹಾಕು.

ನಿನ್ನೆ ಮಧ್ಯಾಹ್ನ ಒಂದು ಫೋನು ಬಂತು. ಹೊಸದಾಗಿ ಮದುವೆಯಾದವರು, ಮನೆದೇವರು ಬನಶಂಕರಿಗೆ ಬರಬೇಕು, ಎರಡು ದಿನಕ್ಕೆ ಕೋಣೆ ಬೇಕು ಎಂದು. ಸೊಲ್ಲಾಪುರದ ಕನ್ನಡ, ಮರಾಠಿ ಬೆರೆತದ್ದು. "ಮಾವಶಿ, ನಮ್ಮ ಅವ್ವಗ ಮೊಣಕಾಲು ಭಾಳ ನೋಯ್ತಾವ್ರಿ. ಕೆಳಗಿನ ಖೋಲಿ ಸಿಗ್ತದೇನ್ರಿ?" ಸಿಗುತ್ತದೆ ಅಂದೆ. ಹೆಸರು ಕೇಳಿದೆ.

"ಸಂತೋಷಕುಮಾರ ರೀ. ಸಂತೋಷಕುಮಾರ ಕಾಶಪ್ಪ."

ಮಗ್ಗದ ಮನೆಯವರೇ ಎಂದು ಕೇಳಿದೆ. ಹೌದು, ಅಪ್ಪನಿಗೆ ಲಕ್ವಾ ಹೊಡೆದು ಮಲಗಿದ್ದಾರೆ, ಅವರು ಬರುವುದಿಲ್ಲ ಅಂದ. ಮನೆ ಎಲ್ಲಿ ಎಂದು ಕೇಳಿದೆ. ಅದೇ ಪೇಟೆ, ಅಕ್ಕಾ. ಅದೇ ಓಣಿ. ಅವನು ಮತ್ತೇನೋ ಹೇಳುತ್ತಿದ್ದ, ನನಗೆ ನಿನ್ನ ಕಿವಿ ಬಂದಂತಾಗಿತ್ತು.

ನನ್ನ ಮಗನ ಗಂಡು ದನಿಯನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ, ಅವನ ಅವ್ವನ ಮೊಣಕಾಲಿಗಾಗಿ ಅವನು ಕೆಳಗಿನ ಕೋಣೆ ಕೇಳುವಾಗ.

ಶಿವರಾತ್ರಿಗೆ ಮೊದಲು ಬರುತ್ತಾರೆ. ಅವನ ಕೈಗೆ ನಾನು ಏನಿಡಲಿ? ಅವನು ಏನು ತಿನ್ನುತ್ತಾನೆ, ಏನು ಬಿಡುತ್ತಾನೆ, ಒಂದೂ ಗೊತ್ತಿಲ್ಲ. ಎರಡು ವರ್ಷದ ಕೂಸು ಏನು ತಿನ್ನುತ್ತಿತ್ತು ಎಂದಷ್ಟೇ ನನಗೆ ಗೊತ್ತು. ಹಾಲಿನಲ್ಲಿ ನೆನೆಸಿದ ರೊಟ್ಟಿ.

ಸುನಂದಾ

*

ಇಳಕಲ್
3 ಫೆಬ್ರುವರಿ 2025

ನನ್ನ ತಂಗಿ ಸುನಂದಾ,

ಮೊದಲು ಅನ್ನಿಸಿದ್ದು, ಕೋಣೆ ಖಾಲಿ ಇಲ್ಲ ಎಂದು ಹೇಳಿಬಿಡು ಅಂತ. ಹಾಗೆ ಬರೆದು, ಹರಿದು, ಮತ್ತೆ ಬರೆಯುತ್ತಿದ್ದೇನೆ. ನಿನ್ನಿಂದ ಅದಾಗುವುದಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ.

ಕಾಶಪ್ಪನ ಅಣ್ಣ ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೂರ್ಛೆ ಬರುತ್ತದೆಂದು ನಿನ್ನನ್ನು ಔಷಧಕ್ಕೆ ತವರಿಗೆ ಕಳಿಸಿದ್ದರು. ಕೂಸು ನಿನ್ನ ಸೊಂಟದ ಮೇಲಿತ್ತು. "ಅಜ್ಜಿ ನೆನಸಾಕತ್ತಾಳ, ಪಂಚಮಿಗೆ ಹೊಳ್ಳಿ ತಂದು ಬಿಡ್ತೇವಿ," ಅಂದ. ಅವ್ವ ಕೂಸಿಗೆ ಹೊಸ ಅಂಗಿ ತೊಡಿಸಿ ಕೊಟ್ಟಳು. ಪಂಚಮಿಗೆ ಬಂದವರು ಹಿರಿಯರು, ಮದುವೆ ಮುರಿದು ಸೋಡಚೀಟಿ ಮಾಡಿಸಲು. ರೋಗದ ಹೆಣ್ಣಿನ ಕೈಯಲ್ಲಿ ಕೂಸು ಕೊಡಲಾಗದು ಅಂದರು. ಅಪ್ಪ ತಲೆ ತಗ್ಗಿಸಿ ಕೂತ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಈಗ ನನ್ನ ಮಾತು ಕೇಳು. ಕಾಶಪ್ಪ ಆಮೇಲೆ ಮದುವೆಯಾದ ಲಲಿತಾಳೇ ಹೆತ್ತ ತಾಯಿ ಎಂದು ಹೇಳಿ ಅವನನ್ನು ಬೆಳೆಸಿದ್ದಾರೆ, ಇದು ನಮ್ಮ ಬೀಗರ ಪೈಕಿಯವರಿಂದ ಮೊದಲೇ ಗೊತ್ತಾದ ಸಂಗತಿ. ನಿನ್ನ ಹೆಸರು, ನಿನ್ನ ತವರೂರು ಅವರ ಮುಂದೆ ಎತ್ತಬೇಡ. ಆ ಲಲಿತಾಗೆ ಎರಡೂ ಗೊತ್ತಿರುತ್ತವೆ.

ಬಸ್ಸಿನಲ್ಲಿ ಒಂದು ಸೀರೆ ಕಳಿಸಿದ್ದೇನೆ, ನಾನೇ ನೇಯ್ದದ್ದು. ದಾಳಿಂಬೆ ಬಣ್ಣ, ಟೋಪ ತೆನೆ ನೇಯ್ಗೆಯ ಸೆರಗು. ಸೊಸೆಗೆ. ಹೇಗೆ ಕೊಡುತ್ತೀಯೋ ನೋಡು.

ನಾನು ಬರುವುದಿಲ್ಲ. ಬಂದರೆ ಅತ್ತುಬಿಡುತ್ತೇನೆ. ಕಿವುಡಿಯ ಅಳು ಎಷ್ಟು ದೂರ ಹೋಗುತ್ತದೋ ಯಾರು ಬಲ್ಲರು?

ನಿನ್ನವಳೇ ಆದ,
ಇಂದ್ರಾಬಾಯಿ

*

ಚೊಳಚಗುಡ್ಡ
15 ಫೆಬ್ರುವರಿ 2025

ಅಕ್ಕಾ,

ಸೀರೆ ಬಂತು. ಮಡಿಕೆ ಬಿಚ್ಚದೆ ಇಟ್ಟಿದ್ದೇನೆ. ಬಾಡಿಗೆಗೆ ಬಂದವರಿಗೆ ಸೀರೆ ಕೊಡುವ ಮನೆ ಎಲ್ಲಾದರೂ ಉಂಟೆ? ಅನುಮಾನ ಬರುತ್ತದೆ. ಒಂದು ಉಪಾಯ ಮಾಡಿದ್ದೇನೆ. ಹೊಸ ಮದುಮಕ್ಕಳು ಬಂದರೆ ಸೀರೆ ಉಡಿಸುವುದು ಈ ಮನೆಯ ಪದ್ಧತಿ ಎಂದು ಹೇಳುವುದು. ಲಾಲಬಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ. "ಯಾವಾಗಿನಿಂದ್ರಿ ಈ ಪದ್ಧತಿ?" ಎಂದು ಕೇಳಿದಳು. "ಇವತ್ತಿನಿಂದ," ಅಂದೆ.

ನನ್ನ ಮಗನಿಗೆ ಏನಾದರೂ ಕೊಡಬೇಕೆಂದರೆ, ಬಂದುಹೋಗುವ ಎಲ್ಲರಿಗೂ ಅದನ್ನೇ ಕೊಡುವವಳಂತೆ ನಟಿಸಬೇಕು. ಬೇರೆ ದಾರಿ ಕಾಣುತ್ತಿಲ್ಲ.

ಸುನಂದಾ

*

ಚೊಳಚಗುಡ್ಡ
24 ಫೆಬ್ರುವರಿ 2025

ಅಕ್ಕಾ,

ಬಂದರು, ಹೋದರು. ಎಲ್ಲವನ್ನೂ ಬರೆಯುತ್ತೇನೆ, ಬರೆಯದೆ ಇದ್ದರೆ ಎದೆ ಒಡೆಯುತ್ತದೆ.

ಕಾರಿನಿಂದ ಮೊದಲು ಇಳಿದವನು ಅವನೇ. ಅವನ ಅಪ್ಪನ ಭುಜ. ಮುಖ ಮಾತ್ರ ನಮ್ಮ ಅವ್ವನದು. ನಮ್ಮ ಅವ್ವ ಮೀಸೆ ಬಿಟ್ಟಂತೆ. ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅವನು ನನ್ನ ಕಡೆ ನೋಡಲೂ ಇಲ್ಲ. ಹಿಂದಿನ ಬಾಗಿಲು ತೆಗೆದು, ಲಲಿತಾಳ ಕಾಲುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಎರಡೂ ಕೈ ಹಿಡಿದು ಎಬ್ಬಿಸಿದ. "ಸಾವಕಾಶ ಅವ್ವಾ, ಗಡಿಬಿಡಿ ಮಾಡಬ್ಯಾಡ."

ಅವಳನ್ನು ದ್ವೇಷಿಸಬೇಕೆಂದು ಇಷ್ಟು ವರ್ಷ ಕಾಪಿಟ್ಟುಕೊಂಡಿದ್ದೆ, ಆಗಲಿಲ್ಲ. ಒಳ್ಳೆಯವಳು, ಅಕ್ಕಾ. ನೀರು ಕೊಟ್ಟ ಲಾಲಬಿಯ ಮಕ್ಕಳ ಬಗ್ಗೆಯೆಲ್ಲ ವಿಚಾರಿಸಿದಳು. ಅವನ ತಟ್ಟೆಯಲ್ಲಿದ್ದ ಮೆಣಸಿನಕಾಯಿಯನ್ನು ಅವನಿಗೆ ತಿಳಿಯದಂತೆ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು. ಅವನಿಗೆ ಖಾರ ಆಗದು ಎಂದು ನನಗೆ ತಿಳಿದದ್ದು ಹಾಗೆ. ಹೆಸರೇನೆಂದು ನನ್ನನ್ನು ಕೇಳಿದಳು. "ಬಂದವರೆಲ್ಲಾ ಅಕ್ಕಾ ಅಂತಾರ್ರಿ, ನೀವೂ ಹಂಗ ಅನ್ರಿ," ಅಂದೆ. ಅವನು ಮಾತ್ರ ಮಾವಶಿ ಎನ್ನುತ್ತಿದ್ದ. ಅವರ ಕಡೆ ಚಿಕ್ಕವ್ವ, ದೊಡ್ಡವ್ವನಿಗೆ ಹಾಗೆನ್ನುತ್ತಾರಲ್ಲ.

ಸೊಸೆಯ ಹೆಸರು ಅಂಜನಾ. ಇಂಡಿಯ ಕಡೆಯ ಹುಡುಗಿ. ಸೀರೆ ಕೊಟ್ಟಾಗ, "ಅಯ್ಯ, ಇಷ್ಟು ಛಲೋ ಸೀರಿ! ಎಲ್ಲಾರಿಗೂ ಕೊಡ್ತೀರೇನ್ರಿ?" ಎಂದು ಕಣ್ಣರಳಿಸಿದಳು. ಲಾಲಬಿ ಮುಂದೆ ಬಂದು, "ಮದುಮಕ್ಕಳಿಗೆ ಕೊಡೂದು ಈ ಮನಿ ಪದ್ಧತಿ ನೋಡ್ರಿ, ಮೊದಲಿನಿಂದ," ಅಂದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಅಂಜನಾ ಅದನ್ನೇ ಉಟ್ಟು ಗುಡಿಗೆ ಹೋದಳು. ಗುಡಿಯ ಹೊಂಡದ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡರಂತೆ.

ಇಷ್ಟೇ ಆಗಿದ್ದರೆ ಸುಖವಾಗಿ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಲಲಿತಾ ಮತ್ತು ಅಂಜನಾ ಗುಡಿಯ ಮುಂದೆ ಬಳೆ ನೋಡಲು ಹೋಗಿದ್ದರು. ಕೋಣೆ ಗುಡಿಸಲು ಹೋದ ಲಾಲಬಿ ಅಡುಗೆಮನೆಗೆ ಬಂದು, "ನಿಮ್ಮ ಗುಳಿಗಿ ಪಾಕೀಟು ಅವರ ಖೋಲ್ಯಾಗ ಬಿಟ್ಟು ಬಂದೀರಲ್ಲ ಅಕ್ಕಾ," ಎಂದು ನನ್ನ ಕೈಗೆ ಕೊಟ್ಟಳು. ದಿಂಬಿನ ಕೆಳಗೆ ಇತ್ತಂತೆ. ನಾನು ಅವರ ಕೋಣೆಯಲ್ಲಿ ಗುಳಿಗೆ ಏಕೆ ಬಿಡಲಿ? ನನ್ನ ಡಬ್ಬಿ ತೆಗೆದು ನೋಡಿದೆ. ನನ್ನದು ಡಬ್ಬಿಯಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಹಿಡಿದೆ. ಅದೇ ಹೆಸರು, ಅದೇ ನೀಲಿ ಅಕ್ಷರ.

ಅಕ್ಕಾ, ಅವನಿಗೆ ಏನು ಕೊಡಲಿ, ಏನು ಕೊಡಲಿ ಎಂದು ನಿನ್ನನ್ನು ಕೇಳಿ ಕೇಳಿ ದಣಿಸಿದೆನಲ್ಲ. ನಾನು ಕೊಟ್ಟಾಗಿತ್ತು. ಹೆರುವಾಗಲೇ ಕೊಟ್ಟಾಗಿತ್ತು.

ಅಷ್ಟರಲ್ಲಿ ಅವನೇ ಬಂದ. "ಮಾವಶಿ, ಒಂದು ಗುಳಿಗಿ ಪಾಕೀಟು ಸಿಕ್ಕದೇನ್ರಿ? ಆಸಿಡಿಟೀದು." ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ, ಹೆಂಡತಿ ಬಂದಾಳೋ ಎಂದು.

ಸುಮ್ಮನೆ ಕೊಟ್ಟು ಕಳಿಸಬೇಕಿತ್ತು. ಆಗಲಿಲ್ಲ. "ಆಸಿಡಿಟೀದಲ್ಲ ಇದು. ನಾನೂ ಇದನ್ನ ತಗೋತೇನಿ," ಎಂದು ನನ್ನ ಡಬ್ಬಿ ತೋರಿಸಿದೆ.

ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ. "ನಿಮಗೂ ಅದನ್ರಿ?"

"ಐತ್ರಿ. ಸಣ್ಣಾಕಿ ಇದ್ದಾಗಿಂದ. ಗುಳಿಗಿ ತಪ್ಪಿಸಿಲ್ಲ, ಅದಕ್ಕ ಆರಾಮ ಅದೇನಿ."

"ಅಂಜನಾಗ ಹೇಳಿಲ್ರಿ. ಅಪ್ಪಾ ಬ್ಯಾಡ ಅಂದಾರ. ಹೇಳಿದ್ರ ಬಿಟ್ಟು ಹೋಗ್ತಾಳ ಅಂತಾರ."

ನನ್ನನ್ನು ಬಿಟ್ಟ ಕಾಶಪ್ಪನಿಗೇ ಈಗ ಸೊಸೆ ಬಿಟ್ಟು ಹೋಗುವ ಭಯ.

ಅವನು ನನ್ನ ಕೈಯಿಂದ ತನ್ನ ಪಾಕೀಟು ಇಸಿದುಕೊಂಡ. ಆಮೇಲೆ ಕೇಳಿದ. "ಮಾವಶಿ, ನಿಮಗ ಮಕ್ಕಳಾಗ್ಯಾವೇನ್ರಿ?"

"ಒಬ್ಬ ಮಗಾ ಅದಾನ್ರಿ."

"ಅವಗೂ ಬಂದದೇನ್ರಿ ಇದು?"

ಸುಳ್ಳು ಹೇಳಬಹುದಿತ್ತು. ಆದರೆ ಅವನು ಬಂದಾಗಿನಿಂದ ನಾನು ಆಡಿದ್ದೆಲ್ಲ ಸುಳ್ಳೇ. "ಅವಗೂ ಬಂತ್ರಿ," ಅಂದೆ.

ಅವನ ಮುಖ ಕಂದಿತು. "ಹಂಗಾದ್ರ ನಮಗ ಮಕ್ಕಳ ಬ್ಯಾಡ ನೋಡ್ರಿ. ನಾನೂ ಅದನ್ನ ಅನ್ಕೊಂಡಿದ್ದೆ."

ನಾನು ಆಡಿದ ಒಂದೇ ಒಂದು ಖರೇ ಮಾತು ಅವನ ಎದೆಗೆ ಹೀಗೆ ಹೋಗಿ ಚುಚ್ಚಬೇಕೆ? "ಹಂಗನಬ್ಯಾಡ್ರಿ! ಎಲ್ಲಾರಿಗೂ ಬರೂದಿಲ್ಲಂತ ಡಾಕ್ಟರ ಹೇಳ್ಯಾರ. ಬಂದ್ರೂ ಏನಾತು? ನನ್ನ ಮಗಾ ಛಲೋ ಅದಾನ. ಎತ್ತರಕ್ಕ ಬೆಳದಾನ. ಹಿರೇರನ್ನ ಕೈ ಹಿಡದು ನಡಸ್ತಾನ. ಮದುವಿ ಆಗೇತಿ, ಹೆಂಡ್ತಿ ಬಂಗಾರದಂಥಾಕಿ. ಅವ ಹುಟ್ಟಬಾರದಿತ್ತು ಅಂತ ನನಗ ಒಂದು ದಿನಾನೂ ಅನಿಸಿಲ್ಲ."

"ಹೆಂಡ್ತಿಗೆ ಹೇಳ್ಯಾನೇನ್ರಿ?"

"ಇಲ್ರಿ. ಹೇಳಬೇಕು ಅನ್ನೂದು ನನ್ನ ಆಸೆ. ಬ್ಯಾರೇದವರು ಹೇಳಿ ತಿಳಿಯೂದಕ್ಕಿಂತ ತಾನ ಹೇಳಬೇಕು. ಒಂದಿನ ಎಲ್ಲರ ಬಿದ್ದನಂದ್ರ ಆ ಹುಡುಗಿ ಏನು ಮಾಡಬೇಕು?"

"ನೀವು ಅವಗ ತಿಳಿಸಿ ಹೇಳ್ರಲ್ಲಾ, ಮಾವಶಿ. ತಾಯಿ ಅದೀರಿ."

"ನಾ ಹೇಳೂವಂಗ ಇಲ್ರಿ," ಅಂದೆ. ಹೊರಗೆ ಅಂಜನಾಳ ಹೊಸ ಬಳೆಗಳ ಸದ್ದಾಯಿತು. ಅವನು ಪಾಕೀಟನ್ನು ಜೇಬಿಗೆ ಹಾಕಿಕೊಂಡು ಎದ್ದ.

ಹೊರಡುವಾಗ ಲಲಿತಾ, "ಹಿರೇರಿಗೆ ನಮಸ್ಕಾರ ಮಾಡ್ರಿ," ಎಂದು ಇಬ್ಬರನ್ನೂ ನನ್ನ ಮುಂದೆ ನಿಲ್ಲಿಸಿದಳು. ಅವನು ಬಾಗಿದ. ನೆತ್ತಿಯಲ್ಲಿ ಎರಡು ಸುಳಿ, ಹಾಗೆಯೇ ಇವೆ. ಕೈ ಇಟ್ಟೆ. "ಸುಖವಾಗಿರ್ರಿ," ಅಂದೆ. ಹೆತ್ತ ಮಗನಿಗೆ 'ರಿ' ಹಚ್ಚಿ ಹರಸಿದೆ, ಬಾಡಿಗೆಯವರಿಗೆ ಹರಸುವಂತೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಲಾಲಬಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅವಳಿಗೆ ಗೊತ್ತಾಗಿದೆ.

ಸುನಂದಾ

*

ಇಳಕಲ್
5 ಮಾರ್ಚ್ 2025

ಸುನಂದಾ,

ಪತ್ರವನ್ನು ಎಷ್ಟು ಸಲ ಓದಿದೆನೋ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಹೊಸ್ತಿಲ ಮೇಲೆ ಕುಳಿತಿದ್ದನಲ್ಲ, ಒಂದು ಮಾತು ಹೇಳಬಾರದಿತ್ತೆ ಎಂದು. ಆಮೇಲೆ ಯೋಚಿಸಿದೆ. ಹೇಳಿದ್ದರೆ? ಮೊಣಕಾಲು ನೋಯುವ ಆ ಹೆಣ್ಣುಮಗಳು ಕಾರು ಹತ್ತುವುದು ಹೇಗೆ? ಅವನು ಯಾರ ಕೈ ಹಿಡಿಯಬೇಕಿತ್ತು?

ನನಗೆ ಬುದ್ಧಿ ಹೇಳಲು ಬರುವುದಿಲ್ಲ. ಅವನು ನಿನ್ನನ್ನು ಮಾವಶಿ ಅಂದನಂತೆ. ಅವನ ಮಾವಶಿ ನಾನಲ್ಲವೆ? ನನ್ನದನ್ನೂ ನೀನೇ ಕೇಳಿಸಿಕೊಂಡೆ ಬಿಡು. ನಿನಗಾದರೂ ಕಿವಿ ಇವೆ.

ಔಷಧ ತಪ್ಪಿಸಬೇಡ.

ಅಕ್ಕ

*

ಸೊಲ್ಲಾಪುರ
11 ಆಗಸ್ಟ್ 2025

ಪ್ರೀತಿಯ ಮಾವಶಿಯವರಿಗೆ,

ಸಂತೋಷಕುಮಾರ ಮಾಡುವ ನಮಸ್ಕಾರ. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಬರೆಯಲು ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಅಂಜನಾ ಬರೆಯುತ್ತಿದ್ದಾಳೆ. ಇದರಿಂದಲೇ ನಿಮಗೆ ತಿಳಿಯಬೇಕು, ಅವಳಿಗೆ ಎಲ್ಲ ಹೇಳಿದ್ದೇನೆ ಎಂದು.

ಯುಗಾದಿ ಆದ ಮೇಲೆ ಹೇಳಿದೆ. ಸಿಟ್ಟಾಗಿ ಇಂಡಿಗೆ ಹೊರಟುಹೋದಳು. ರೋಗಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. (ಇದನ್ನು ಅವಳೇ ಸೇರಿಸಿದ್ದು.) ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಅವ್ವ ಮಾತ್ರ ಆ ಮೊಣಕಾಲಿನಲ್ಲೇ ಬಸ್ ಹತ್ತಿ ಇಂಡಿಗೆ ಹೋಗಿ ಕೂತಳು. ಇಬ್ಬರೂ ಕೂಡಿಯೇ ಹೊಳ್ಳಿ ಬಂದರು. ಈಗ ಅಂಜನಾಗೆ ನಾಲ್ಕು ತಿಂಗಳು. ಡಾಕ್ಟರಿಗೆ ಎಲ್ಲ ತಿಳಿಸಿದ್ದೇವೆ, ಹೆದರಬೇಡಿ ಅಂದಿದ್ದಾರೆ.

ನಿಮ್ಮ ಮನೆಯ ಕೋಣೆಗಳಿಗೆಂದು ನಮ್ಮ ಮಗ್ಗದ ಚಾದರ ಕಳಿಸಿದ್ದೇನೆ. ಎಲ್ಲರಿಗೂ ನೀವೇ ಕೊಡುತ್ತೀರಿ, ನಿಮಗೆ ಯಾರು ಕೊಡಬೇಕು? ತೊಟ್ಟಿಲ ಕಾರ್ಯಕ್ಕೆ ನೀವು ಬರಲೇಬೇಕು.

ಒಂದು ಮಾತು. ನಿಮ್ಮ ಮಗ ಹೆಂಡತಿಗೆ ಹೇಳಿದರೇ? ಹೇಳಿರದಿದ್ದರೆ ನನ್ನ ನಂಬರ್ ಕೊಡಿ. ನಾನು ಮಾತಾಡುತ್ತೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಸಂತೋಷಕುಮಾರ

ನಾನು ಅಂಜನಾ. ಆ ಸೀರೆ ಉಟ್ಟಾಗಲೆಲ್ಲ ಎಲ್ಲಿ ತಂದೆ ಎಂದು ಕೇಳುತ್ತಾರೆ. ನಿಮ್ಮ ಸೊಸೆಗೂ ನನ್ನ ನಮಸ್ಕಾರ ಹೇಳಿರಿ.

*

ಚೊಳಚಗುಡ್ಡ
29 ಆಗಸ್ಟ್ 2025

ಅಕ್ಕಾ,

ಇದರ ಜೊತೆಗಿರುವ ಅವನ ಪತ್ರ ಓದಿ ಇಟ್ಟುಕೋ. ಒಲೆಗೆ ಹಾಕಬೇಡ.

ಚಾದರಗಳನ್ನು ಯಾವ ಕೋಣೆಗೂ ಹಾಸಿಲ್ಲ. ಅಂಜನಾ ಹಾಕಿದ ಫೋಟೋ ಮೊಬೈಲಿನಲ್ಲಿ ನೋಡಿ, ಹುಬ್ಬಳ್ಳಿಯಿಂದ ಬಂದ ಹೊಸ ದಂಪತಿಗಳು "ನಮಗ ಸೀರಿ ಇಲ್ಲೇನ್ರಿ?" ಎಂದು ಕೇಳಿದರು. ನನ್ನ ಪೆಟ್ಟಿಗೆಯಲ್ಲಿದ್ದ ಹೊಸದೊಂದನ್ನು ಕೊಟ್ಟೆ. ಪದ್ಧತಿ ಎಂದ ಮೇಲೆ ನಡೆಸಬೇಕಲ್ಲ.

ತೊಟ್ಟಿಲಿಗೆ ಕರೆದಿದ್ದಾನೆ. ಆ ಮನೆಯಲ್ಲಿ ಕಾಶಪ್ಪ ಮಲಗಿದ್ದಾನೆ. ನಾನು ಹೊಸ್ತಿಲು ದಾಟಿದರೆ ಲಲಿತಾಳ ಬದುಕು ಏನಾಗುತ್ತದೆ? ಅವಳು ನನ್ನ ಸೊಸೆಯನ್ನು ಹೊಳ್ಳಿ ಕರೆತಂದವಳು. ಹೋಗಲಾರೆ ಎಂದು ಬರೆದಿದ್ದೇನೆ. ಬರೆದದ್ದರ ನಕಲನ್ನು ನಿನಗೂ ಕಳಿಸುತ್ತಿದ್ದೇನೆ, ತಪ್ಪೇನಾದರೂ ಇದ್ದರೆ ನನಗೆ ಹೇಳಬೇಡ, ಅದು ಆಗಲೇ ಅಂಚೆಗೆ ಬಿದ್ದಿದೆ.

ಸುನಂದಾ

*

ಚೊಳಚಗುಡ್ಡ
28 ಆಗಸ್ಟ್ 2025

ಸಂತೋಷಕುಮಾರ ಮತ್ತು ಅಂಜನಾ ಇವರಿಗೆ ಆಶೀರ್ವಾದಗಳು.

ನಿಮ್ಮ ಪತ್ರ, ಚಾದರಗಳು ಮುಟ್ಟಿದವು. ನೇಯ್ಗೆ ಬಿಗಿಯಾಗಿದೆ. ಒಳ್ಳೆಯ ಕೈ.

ಅಂಜನಾ ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ನಿಮ್ಮ ಗುಳಿಗೆಯ ವಿಷಯದಲ್ಲಿ ಡಾಕ್ಟರು ಹೇಳಿದಂತೆ ನಡೆಯಿರಿ. ಆರಾಮಿದ್ದೇನೆಂದು ನೀವಾಗಿ ನಿಲ್ಲಿಸಬೇಡಿ. ನಿಮ್ಮ ಅವ್ವನವರನ್ನು ಮೆಟ್ಟಿಲು ಹತ್ತಿಸಬೇಡಿ. ಅಂಥವರು ಸಿಗುವುದು ಪುಣ್ಯ.

ತೊಟ್ಟಿಲಿಗೆ ಬರಲು ನನಗೆ ಆಗುವುದಿಲ್ಲ. ಆ ದಿನಗಳಲ್ಲಿ ಬನಶಂಕರಿಗೆ ಬರುವವರು ಹೆಚ್ಚು, ಮನೆ ಬಿಟ್ಟು ಬರುವಂತಿಲ್ಲ. ತಪ್ಪು ತಿಳಿಯಬೇಡಿ. ಕೂಸಿಗೆ ಇಲ್ಲಿಂದಲೇ ಹರಸುತ್ತೇನೆ.

ನನ್ನ ಮಗನಿಗೆ ನಿಮ್ಮ ನಂಬರ್ ಕೊಡುವ ಅವಶ್ಯಕತೆ ಬೀಳಲಿಲ್ಲ. ಅವನು ಹೆಂಡತಿಗೆ ಹೇಳಿದ್ದಾನೆ. ಅವಳು ಅವನನ್ನು ಬಿಟ್ಟು ಹೋಗಲಿಲ್ಲ. ನಿಮ್ಮಿಬ್ಬರ ನಮಸ್ಕಾರವೂ ಅವರಿಗೆ ಮುಟ್ಟಿದೆ.

ಇಂತಿ,
ಚೊಳಚಗುಡ್ಡದ ಮಾವಶಿ